ಎತ್ತಿಗೆ ಜ್ವರ, ರ‍್ಯಾಮ್‌ಗೆ ಬರೆ

ನಮಸ್ಕಾರ. ಇವತ್ತು ಬೇರೆ ವಿಡಿಯೋ ಮಾಡಬೇಕು ಅಂತಿದ್ದೆ. ಕಂಪ್ಯೂಟರಿನ ಫ್ಯಾನ್ ಸದ್ದು ಕಮ್ಮಿ ಮಾಡುವುದು ಹೇಗೆ ಅಂತ. ಸ್ಕ್ರಿಪ್ಟ್ ಕೂಡ ಬರೆದಿಟ್ಟಿದ್ದೆ. ಬೆಳಗ್ಗೆ ಎದ್ದು ಕಾಮೆಂಟ್ ನೋಡಿದೆ ನೋಡಿ, ಅಲ್ಲಿಗೆ ಫ್ಯಾನ್ ಕಥೆ ಮುಗಿಯಿತು.

ಹೋದ ಸಲ ನಾನು ಹೇಳಿದ್ದು ಒಂದೇ ಮಾತು. ಹೊಸ ಗ್ರಾಫಿಕ್ಸ್ ಕಾರ್ಡ್ ತರುವ ಮುಂಚೆ ಎಸ್‌ಎಂಪಿಎಸ್, ಅಂದರೆ ಪಿಸಿಯ ಪವರ್ ಸಪ್ಲೈ, ನೋಡಿ ಅಂತ. ಅದಕ್ಕೆ ಒಬ್ಬರು ಬರೆದಿದ್ದಾರೆ: "ಅಣ್ಣಾ, ಎಸ್‌ಎಂಪಿಎಸ್ ಅಂದ್ರೆ ಕರೆಂಟ್ ಕೊಡೋ ಡಬ್ಬ ಅಷ್ಟೇ. ಅದಕ್ಯಾಕೆ ಇಷ್ಟು ಬಿಲ್ಡಪ್?" ಪಕ್ಕದಲ್ಲಿ ನಗುವ ಮುಖ ಬೇರೆ. ಮೂರು.

ಡಬ್ಬ!

ಸ್ವಾಮಿ, ಗೋಡೆಯ ಪ್ಲಗ್‌ನಿಂದ ಬರುವುದು ಎಸಿ ಕರೆಂಟು. ಅದು ನೇರವಾಗಿ ನಿಮ್ಮ ಮದರ್‌ಬೋರ್ಡಿಗೆ ಹೋದರೆ ಆಮೇಲೆ ಬೂದಿ ಗುಡಿಸಬೇಕು ಅಷ್ಟೇ. ಅದನ್ನು 12, 5, 3.3 ವೋಲ್ಟ್ ಡಿಸಿ ಮಾಡಿ ಕೊಡುವುದು ನೀವು ಹೇಳುವ ಆ ಡಬ್ಬ. 12 ವೋಲ್ಟ್ ಅಂದರೆ ಹೆಚ್ಚುಕಮ್ಮಿ ಶೇಕಡಾ 5 ಆಚೀಚೆ ಆಗಬಹುದು, ಅಂದರೆ ಸುಮಾರು 11.4ರಿಂದ 12.6ರ ಒಳಗೆ. ಕಾರ್ಡು ಸುಮ್ನೆ ಕೂತಿರುವಾಗಲೂ ಅಷ್ಟೇ, ಗೇಮ್ ಶುರುವಾಗಿ ಒಂದೇ ಏಟಿಗೆ 30 ವಾಟ್‌ನಿಂದ 300 ವಾಟ್‌ಗೆ ಎಗರಿದಾಗಲೂ ಅಷ್ಟೇ. ಈ ಕೆಲಸ ದಿನಕ್ಕೆ ಹತ್ತು ಗಂಟೆ, ವರ್ಷಗಟ್ಟಲೆ. ಅದಕ್ಕೆ ಸಿಗುವ ಮರ್ಯಾದೆ? ಪ್ರೊಸೆಸರಿಗೆ, ಕಾರ್ಡಿಗೆ, ಬಣ್ಣದ ದೀಪಕ್ಕೆ ಎಲ್ಲ ದುಡ್ಡು ಸುರಿದ ಮೇಲೆ ಉಳಿದ ಚಿಲ್ಲರೆ.

ನಾನೂ ಅದೇ ತಪ್ಪು ಮಾಡಿದವನು. ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ನನ್ನ ಪಿಸಿ ವಿಡಿಯೋ ರೆಂಡರ್ ಮಾಡುವಾಗ ದಪ್ ಅಂತ ಆಫ್ ಆಗುತ್ತಿತ್ತು. ಬ್ಲೂ ಸ್ಕ್ರೀನ್ ಇಲ್ಲ, ಎಚ್ಚರಿಕೆ ಇಲ್ಲ. ಮೊದಲು ಏನು ಮಾಡಿದೆ? ರ‍್ಯಾಮ್ ಬಿಚ್ಚಿ ರಬ್ಬರಿನಿಂದ ಉಜ್ಜಿದೆ. ನಗಬೇಡಿ, ನೀವೂ ಉಜ್ಜಿದ್ದೀರಿ. ಆಮೇಲೆ ವಿಂಡೋಸ್ ಫಾರ್ಮ್ಯಾಟ್. ಆಮೇಲೆ ಪ್ರೊಸೆಸರಿಗೆ ಬಿಸಿ ದಾಟಿಸುವ ಹೊಸ ಪೇಸ್ಟ್. ಕೊನೆಗೆ ಹೊಸ ರ‍್ಯಾಮೇ ತಂದೆ. ಊಹೂಂ. ವಿಂಡೋಸ್‌ನ ಈವೆಂಟ್ ವ್ಯೂವರ್ (ಏನೇನಾಯಿತು ಅಂತ ಅದು ಬರೆದಿಡುವ ಡೈರಿ) ತೆಗೆದರೆ ಪ್ರತಿ ಸಲವೂ ಒಂದೇ ಸಾಲು: ಕರ್ನಲ್ ಪವರ್ 41. ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಅನ್ನುವುದಷ್ಟೇ ಅದರ ಅರ್ಥ. ಯಾಕೆ ನಿಂತಿತು ಅಂತ ಅದು ಹೇಳುವುದಿಲ್ಲ, ಒಪ್ಪಿಕೊಳ್ಳೋಣ. ಆದರೆ ಕೆಲಸದ ಭಾರ ಬಿದ್ದಾಗ ಮಾತ್ರ, ಸ್ವಿಚ್ ಆರಿಸಿದ ಹಾಗೆ ಆಫ್ ಆಗುತ್ತದೆ ಅಂದರೆ ಯಾರ ಮೇಲೆ ಅನುಮಾನ ಬರಬೇಕು? ಎರಡು ವಾರ ಬಿಟ್ಟು ಗೆಳೆಯನ ಎಸ್‌ಎಂಪಿಎಸ್ ಇಸ್ಕೊಂಡು ಹಾಕಿದೆ. ಅವತ್ತು ರಾತ್ರಿಯೆಲ್ಲ ರೆಂಡರ್ ಓಡಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದರಂತೆ. ನಾನು ಹಾಕಿದ್ದು ರ‍್ಯಾಮ್‌ಗೆ.

(ಆ ಹೊಸ ರ‍್ಯಾಮ್ ಇನ್ನೂ ಹಾಗೇ ಇದೆ. ಈಗ ಈ ಪಿಸಿಯಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ರ‍್ಯಾಮ್ ಇದೆ. ಬ್ರೌಸರ್‌ನಲ್ಲಿ ಎಪ್ಪತ್ತು ಟ್ಯಾಬ್ ತೆರೆದಿಡುತ್ತೇನೆ, ಸಮಾಧಾನಕ್ಕೆ.)

ಈಗ ಜಾಣರು ಬರುತ್ತಾರೆ. "ನಾನು ಮಲ್ಟಿಮೀಟರ್ ಇಟ್ಟು ನೋಡಿದೆ, 12.1 ಬರ್ತಿದೆ, ಎಸ್‌ಎಂಪಿಎಸ್ ಸರಿ ಇದೆ." ಮಲ್ಟಿಮೀಟರ್ ನಿಧಾನದ ಪ್ರಾಣಿ ಕಣ್ರೀ. ಅದು ತೋರಿಸುವುದು ಸರಾಸರಿ. ಗ್ರಾಫಿಕ್ಸ್ ಕಾರ್ಡು ಎಳೆಯುವುದು ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ. ಈ ಎಳೆದಾಟ ಎಷ್ಟು ಜೋರಾಯಿತು ಅಂದರೆ 2022ರಲ್ಲಿ ಎಸ್‌ಎಂಪಿಎಸ್ ಹೇಗಿರಬೇಕು ಅನ್ನುವ ಎಟಿಎಕ್ಸ್ 3.0 ನಿಯಮ ಬರೆಯುವಾಗ, ಹೊಸ ಕನೆಕ್ಟರ್ ಇರುವ ದೊಡ್ಡ ಎಸ್‌ಎಂಪಿಎಸ್‌ಗಳು ತಮ್ಮ ವಾಟ್‌ನ ಎರಡರಷ್ಟನ್ನು 100 ಮೈಕ್ರೋಸೆಕೆಂಡ್ ತಡೆದುಕೊಳ್ಳಬೇಕು ಅಂತ ಇಂಟೆಲ್ ಸೇರಿಸಿತು. ಸುಮ್ನೆ ಸೇರಿಸಿದರಾ? ಬೇಜಾರಾಗಿತ್ತಾ ಅವರಿಗೆ?

ಇನ್ನೊಬ್ಬರು ಪರೀಕ್ಷೆ ಅಂತ ಪೇಪರ್ ಕ್ಲಿಪ್ ತಂದು ಎಸ್‌ಎಂಪಿಎಸ್‌ನ ಹಸಿರು ವೈರಿಗೂ ಕಪ್ಪು ವೈರಿಗೂ ಚುಚ್ಚುತ್ತಾರೆ. ಫ್ಯಾನ್ ತಿರುಗಿತು, ಪಾಸ್! ಅದಕ್ಕೆ ಭಾರವೇ ಕೊಟ್ಟಿಲ್ಲವಲ್ಲ ಮಾರಾಯ್ರೇ. ಎದ್ದು ನಿಂತ ಅಂದ ಮಾತ್ರಕ್ಕೆ ಮೂಟೆ ಹೊರುತ್ತಾನೆ ಅಂತಲಾ? ಪೂರ್ತಿ ಸತ್ತಿದೆಯೋ ಇಲ್ಲವೋ ಅಂತ ತಿಳಿಯುತ್ತದೆ, ಅಷ್ಟೇ.

ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲಿ. "ನನ್ನದರ ಮೇಲೆ 600 ವಾಟ್ ಅಂತ ಬರೆದಿದೆ." ಬರೆದಿದೆ! ಪಕ್ಕಕ್ಕೆ ತಿರುಗಿಸಿ, ಸಣ್ಣ ಅಕ್ಷರದ ಕೋಷ್ಟಕ ನೋಡಿ. 12 ವೋಲ್ಟಿನ ಕೆಳಗೆ ಎಷ್ಟು ಆಂಪ್ಸ್? 30 ಇದ್ದರೆ 12 ಗುಣಿಸು 30, ಅಂದರೆ 360 ವಾಟ್. ಪ್ರೊಸೆಸರೂ ಕಾರ್ಡೂ ಊಟ ಮಾಡುವುದು ಹೆಚ್ಚುಕಮ್ಮಿ ಅದರಿಂದಲೇ. ಉಳಿದದ್ದಕ್ಕೆ ಸ್ಟಿಕ್ಕರ್ ತಿನ್ನಬೇಕು.

"ಅಣ್ಣಾ, ನನ್ನದು ಗೋಲ್ಡ್." ಸಂತೋಷ. 80 ಪ್ಲಸ್ ಅನ್ನುವ ಆ ಗುರುತು 2004ರಿಂದ ಇದೆ. ಅದು ಹೇಳುವುದು ಎಷ್ಟು ಕರೆಂಟು ಬಿಸಿಯಾಗಿ ಹಾಳಾಗುತ್ತದೆ ಅನ್ನುವುದನ್ನು. ವೋಲ್ಟೇಜ್ ಎಷ್ಟು ಅಲುಗಾಡುತ್ತದೆ, ಶಾರ್ಟ್ ಆದಾಗ ತಾನೇ ಆರುತ್ತದೋ ಇಲ್ಲವೋ, ಅದೆಲ್ಲ ಅದರಲ್ಲಿ ಇಲ್ಲ. ಇನ್ನು ಕೆಲವರಿಗೆ ಇನ್ನೊಂದು ಲೆಕ್ಕ: 500 ವಾಟ್, ದಕ್ಷತೆ ಶೇಕಡಾ 85, ಹಾಗಾದರೆ ಸಿಗುವುದು 425 ಅಂತೆ. ತಲೆಕೆಳಗು. 500 ಅನ್ನುವುದು ಒಳಗೆ ಕೊಡುವುದು. ಗೋಡೆಯಿಂದ ಎಳೆಯುವುದು 588.

ಮಧ್ಯದಲ್ಲಿ ಒಂದು ಮಾತು: ಇಲ್ಲಿಯವರೆಗೆ ನೋಡಿದ್ದೀರಿ ಅಂದರೆ ಸಬ್‌ಸ್ಕ್ರೈಬ್ ಮಾಡಿ. ಈ ವಿಡಿಯೋಗೆ ಸ್ಪಾನ್ಸರ್ ಯಾರೂ ಇಲ್ಲ. ಯಾವ ಎಸ್‌ಎಂಪಿಎಸ್ ಕಂಪನಿಯೂ ನನಗೆ ಒಂದು ಸ್ಕ್ರೂ ಕೂಡ ಕಳಿಸಿಲ್ಲ. ಕಳಿಸಿದರೆ ಬೇಡ ಅನ್ನಲ್ಲ. ವಿಳಾಸ ಕೇಳಿದರೆ ಕೊಡುತ್ತೇನೆ.

ಎಲ್ಲಿದ್ದೆ? ಹಾಂ, ಡಬ್ಬ. ಈ ಡಬ್ಬದ ಬಗ್ಗೆ ಅಸಡ್ಡೆ ಇರುವವರೇ ಇನ್ನೊಂದು ಕೆಲಸ ಮಾಡುತ್ತಾರೆ. ಎಸ್‌ಎಂಪಿಎಸ್ ಬದಲಿಸುತ್ತಾರೆ, ಹಳೇ ಕೇಬಲ್ ಹಾಗೇ ಬಿಡುತ್ತಾರೆ. ಎಲ್ಲ ಕಟ್ಟಿದ್ದೇವಲ್ಲ, ಮತ್ತೆ ಯಾಕೆ ಬಿಚ್ಚುವುದು ಅಂತ. ಅಯ್ಯೋ! ಮದರ್‌ಬೋರ್ಡ್ ಕಡೆಯ ತುದಿ ಹೆಚ್ಚುಕಮ್ಮಿ ಎಲ್ಲ ಕಂಪನಿಗೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ನಿಯಮ ಇಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ನಲ್ಲೂ ಬೇರೆ ಇರಬಹುದು. ಸಲೀಸಾಗಿ ಕೂರುತ್ತದೆ, ಟಿಕ್ ಅಂತ ಸದ್ದೂ ಬರುತ್ತದೆ. ಆಮೇಲೆ 5 ವೋಲ್ಟ್ ಹೋಗಬೇಕಾದ ಕಡೆ 12 ಹೋಗಿ ಹಾರ್ಡ್ ಡಿಸ್ಕಿನ ಜೊತೆ ಮಗುವಿನ ಮೊದಲ ಹೆಜ್ಜೆಯ ಫೋಟೋನೂ ಹೋಯಿತು. ಡಬ್ಬ ಅಂತೆ.

ಮತ್ತೆ, ಇಷ್ಟೆಲ್ಲ ಕೇಳಿ ಉತ್ಸಾಹದಲ್ಲಿ ಅದನ್ನು ಬಿಚ್ಚಿ ನೋಡಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪ್ಯಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಕೂತಿರಬಹುದು. ಇದೊಂದು ತಮಾಷೆ ಅಲ್ಲ.

"ರ‍್ಯಾಮೂ ಕೆಡುತ್ತದೆ ಅಲ್ವಾ?" ಕೆಡುತ್ತದೆ. ಮೆಮ್‌ಟೆಸ್ಟ್ ಅನ್ನುವ, ರ‍್ಯಾಮ್ ಪರೀಕ್ಷಿಸುವ ಸಾಫ್ಟ್‌ವೇರ್ ಹಾಕಿ ರಾತ್ರಿಯೆಲ್ಲ ಬಿಡಿ, ಪುಕ್ಕಟೆ. ತಪ್ಪು ಬಂತಾ, ರ‍್ಯಾಮ್. ಬರಲಿಲ್ಲವಾ, ನನ್ನ ಹತ್ತಿರ ಬನ್ನಿ. "ಬಿಸಿಯಿಂದಲೂ ಆಫ್ ಆಗುತ್ತೆ." ಆಗುತ್ತೆ, ಧೂಳು ಒರೆಸಿ, ಆಮೇಲೆ ನನ್ನ ಹತ್ತಿರ ಬನ್ನಿ. "ಮದರ್‌ಬೋರ್ಡ್ ಇರಬಹುದು." ಇರಬಹುದು. ಅದನ್ನು ಕೊಂದವರು ಯಾರು? ಹೇಳಿ, ಯಾರು? ಕಾರ್ಡ್ ಹಾಕಿದ ಮೇಲೆ ಆಫ್ ಆಗುತ್ತಿದೆಯಾ? ಎಸ್‌ಎಂಪಿಎಸ್. ಗೇಮ್ ಮಧ್ಯೆ ಸ್ಕ್ರೀನ್ ಕಪ್ಪಾಯಿತಾ? ಎಸ್‌ಎಂಪಿಎಸ್. ಮೌಸ್ ಓಡ್ತಾ ಇಲ್ವಾ? ಎಸ್‌ಎಂಪಿಎಸ್! ಸರಿ, ಮೌಸ್‌ಗೆ ಮೊದಲು ಸೆಲ್ ಬದಲಿಸಿ ನೋಡಿ. ಆದರೂ ನನಗೆ ಅನುಮಾನ.

ಸ್ಕ್ರಿಪ್ಟ್‌ನಲ್ಲಿ ಇನ್ನೂ ಮೂರು ಕಾರಣ ಬರೆದಿದ್ದೆ. ನನ್ನ ಅಕ್ಷರ ನನಗೇ ಓದಲು ಬರುತ್ತಿಲ್ಲ. ಬಿಡಿ. ನಗುವ ಮುಖ ಹಾಕಿದವರಿಗೆ ಅಷ್ಟೊಂದು ಕಾರಣ ಯಾಕೆ?

ಇನ್ನೊಂದು. ವಿಡಿಯೋ ಮಧ್ಯದಲ್ಲಿ ಒಂದು ಕಡೆ ಕಟ್ ಆಗಿದ್ದು ಗಮನಿಸಿರುತ್ತೀರಿ. ಹೌದು, ಪಿಸಿ ಆಫ್ ಆಯಿತು. ಇದೇ ಪಿಸಿ. ಅರ್ಧ ಗಂಟೆ ಎಸ್‌ಎಂಪಿಎಸ್ ಹೊರಗೆ ತೆಗೆದು (ಬಿಚ್ಚಲಿಲ್ಲ), ಕೇಬಲ್ ಎಲ್ಲ ಒತ್ತಿ ನೋಡಿದೆ. ಕೊನೆಗೆ ನೋಡಿದರೆ ಮೇಜಿನ ಕೆಳಗೆ ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್‌ಗೆ ನನ್ನ ಕಾಲು ತಾಗಿತ್ತು. ಇದನ್ನು ಹಿಡಿದುಕೊಂಡು ಯಾರೂ ಕಾಮೆಂಟ್ ಹಾಕಬೇಡಿ. ಅದೂ ಕರೆಂಟಿನ ವಿಷಯವೇ.