ಫ್ಲೂ ಲಸಿಕೆ: ತೋಳು ನೋವು ಯಾರಿಗೆ ಹೆಚ್ಚು?

ವಿಜಯಪುರ ಜಿಲ್ಲೆಯ ಕೇಳುಗ ಬಂಧುಗಳಿಗೆ ನಮಸ್ಕಾರ. ಫ್ಲೂ ಲಸಿಕೆ ಹಾಕಿಸಿಕೊಂಡ ಮೇಲೆ ತೋಳು ನೋಯುವುದು, ಸೂಜಿ ಚುಚ್ಚಿದ ಜಾಗ ಕೆಂಪಾಗಿ ಬಾಯುವುದು, ಮೈಕೈ ನೋವು, ಸಣ್ಣ ಜ್ವರ ಇವೆಲ್ಲ ಯಾರಿಗೆ ಹೆಚ್ಚು? ಗಂಡಸರಿಗಿಂತ ಹೆಂಗಸರು, ಮುಪ್ಪಿನವರಿಗಿಂತ ಹರೆಯದವರು ಇಂಥ ತೊಂದರೆಗಳನ್ನು ಹೆಚ್ಚಾಗಿ ಹೇಳುತ್ತಾರೆ. ಅವರು ಹೇಳುವುದು ನಿಜ. ದಯವಿಟ್ಟು ಅದನ್ನು ನಾಜೂಕುತನವೆಂದು ತಳ್ಳಿಹಾಕಬೇಡಿ.

ಇಂಡಿ ತಾಲ್ಲೂಕಿನ ಒಂದು ರೈತ ಕುಟುಂಬದ ಅಜ್ಜ, ಮಗ ಮತ್ತು ಸೊಸೆ ಒಂದೇ ದಿನ ನನ್ನ ಬಳಿ ಲಸಿಕೆ ಹಾಕಿಸಿಕೊಂಡರು. ಮರುದಿನ ಸೊಸೆಯ ತೋಳು ಬಾತು, ರಾತ್ರಿ ಮೈ ಬಿಸಿಯಾಗಿ, ಬೆಳಿಗ್ಗೆ ರೊಟ್ಟಿ ಬಡಿಯಲು ಕೈ ಎತ್ತಲಾಗಲಿಲ್ಲ. ಎಪ್ಪತ್ತು ದಾಟಿದ ಅಜ್ಜನಿಗೆ ಏನೂ ಆಗಿರಲಿಲ್ಲ. ಅವರು ನೇರವಾಗಿ ನನ್ನಲ್ಲಿಗೆ ಬಂದು, "ಬಾಯಾರ, ನನಗ ಬರೇ ನೀರು ಚುಚ್ಚೀರೇನ್ರೀ? ಸೊಸಿಗಿ ಮಾತ್ರ ಜ್ವರ ಬಂದೈತಿ" ಎಂದು ಕೇಳಿದರು. ಮನೆಯಲ್ಲಿ ಅತ್ತೆಯವರು ಸೊಸೆ ಕೆಲಸ ತಪ್ಪಿಸಿಕೊಳ್ಳಲು ನೆಪ ಹೂಡಿದ್ದಾಳೆ ಎಂದಿದ್ದರಂತೆ. ನಾನು ಎಲ್ಲರನ್ನೂ ಕರೆಸಿ ತೋಳು ನೋಡಿದೆ. ತನಗೇನೂ ಆಗಿಲ್ಲವೆಂದು ಹೇಳುತ್ತಿದ್ದ ಮಗನ ತೋಳೂ ಕೆಂಪಾಗಿತ್ತು. ಎರಡು ರಾತ್ರಿ ಆ ಮಗ್ಗುಲಿಗೆ ಮಲಗಿಲ್ಲವೆಂದು ಹೆಂಡತಿಯೇ ಹೇಳಬೇಕಾಯಿತು. ಗಂಡಸು ತೋಳು ನೋವಿಗೆಲ್ಲ ದವಾಖಾನೆಗೆ ಬರುತ್ತಾನೆಯೇ ಎಂಬುದು ಅವನ ವಾದ.

ಗಂಡಸರು ನೋವನ್ನು ಮುಚ್ಚಿಡುತ್ತಾರೆ ಎಂಬುದು ಇಲ್ಲಿ ಒಂದು ಕಾರಣ ಹೌದು, ಆದರೆ ಅಷ್ಟೇ ಕಾರಣವಲ್ಲ. ಹೆಂಗಸರ ದೇಹ ಲಸಿಕೆಗೆ ನಿಜವಾಗಿಯೂ ಹೆಚ್ಚು ಜೋರಾಗಿ ಸ್ಪಂದಿಸುತ್ತದೆ. ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪೂರ್ಣ ಪ್ರಮಾಣದ ಫ್ಲೂ ಲಸಿಕೆಯಿಂದ ಗಂಡಸರಲ್ಲಿ ಹುಟ್ಟಿದಷ್ಟೇ ಪ್ರತಿಕಾಯಗಳು, ಅಂದರೆ ರೋಗಾಣುವಿನೊಡನೆ ಹೋರಾಡಲು ದೇಹ ತಯಾರಿಸುವ ಅಂಶಗಳು, ಅರ್ಧ ಪ್ರಮಾಣದಿಂದಲೇ ಹೆಂಗಸರಲ್ಲಿ ಹೆಚ್ಚುಕಡಿಮೆ ಹುಟ್ಟಿದ್ದವು. ಹೆಂಗಸರಲ್ಲಿ ಹೆಚ್ಚಿರುವ ಎಸ್ಟ್ರೋಜನ್ ಹಾರ್ಮೋನು ರೋಗನಿರೋಧಕ ಶಕ್ತಿಯನ್ನು ಚುರುಕುಗೊಳಿಸುತ್ತದೆ, ಗಂಡಸರ ಟೆಸ್ಟೋಸ್ಟೆರಾನ್ ಅದನ್ನು ತುಸು ತಗ್ಗಿಸುತ್ತದೆ. ಇನ್ನು ವಯಸ್ಸಾದಂತೆ ಆ ಶಕ್ತಿಯೇ ನಿಧಾನವಾಗುವುದರಿಂದ ಅಜ್ಜನ ತೋಳು ಸುಮ್ಮನಿತ್ತು. ಈ ಕೊರತೆಯನ್ನು ತುಂಬಲೆಂದೇ ಕೆಲವು ದೇಶಗಳಲ್ಲಿ 65 ದಾಟಿದವರಿಗೆ ನಾಲ್ಕು ಪಟ್ಟು ಸತ್ವವಿರುವ ಫ್ಲೂ ಲಸಿಕೆ ಕೊಡುತ್ತಾರೆ, ಆಗ ಅವರ ತೋಳೂ ಹೆಚ್ಚು ನೋಯುತ್ತದೆ.

ಹಾಗೆಂದು ನೋವಾಗದಿದ್ದರೆ ಲಸಿಕೆ ಕೆಲಸ ಮಾಡಿಲ್ಲ ಎಂದುಕೊಳ್ಳಬೇಡಿ. ಅಜ್ಜನಿಗೆ ಚುಚ್ಚಿದ್ದು ನೀರಲ್ಲ, ಅವರಿಗೂ ರಕ್ಷಣೆ ಸಿಕ್ಕಿದೆ. ಫ್ಲೂ ಬಂದರೆ ಆಸ್ಪತ್ರೆ ಸೇರುವ ಅಪಾಯ ಹೆಚ್ಚಿರುವುದು ಅವರಂಥ ಹಿರಿಯರಿಗೇ.

ನನ್ನ ಸಮಯ ಮುಗಿಯುತ್ತ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಸೂಜಿಯಿಂದ ಕೊಡುವ ಫ್ಲೂ ಲಸಿಕೆಯಲ್ಲಿ ಜೀವಂತ ವೈರಾಣು ಇರುವುದಿಲ್ಲ, ಆದ್ದರಿಂದ ಅದರಿಂದ ಫ್ಲೂ ಬರುವುದಿಲ್ಲ. ರಕ್ಷಣೆ ಬೆಳೆಯಲು ಸುಮಾರು ಎರಡು ವಾರ ಬೇಕು. ಆ ನಡುವೆ ನೆಗಡಿ ಬಂದರೆ ಲಸಿಕೆಯನ್ನು ದೂರಬೇಡಿ. ತೋಳು ನೋವು, ಜ್ವರ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತವೆ, ಬೇಕಿದ್ದರೆ ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ಉಸಿರಾಟದ ತೊಂದರೆ, ಮುಖ ಬಾಯುವುದು, ಮೈತುಂಬ ದದ್ದು ಏಳುವುದು ತೀರ ಅಪರೂಪ, ಆದರೆ ಅವು ಕಂಡರೆ ತಡಮಾಡಬಾರದು. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲಿಯೇ ಕುಳಿತಿರಿ ಎಂದು ನಾವು ಹೇಳುವುದು ಇದಕ್ಕಾಗಿಯೇ.

ತಾಯಂದಿರೇ, ನಿಮಗೆ ನೋವಾದರೆ ಆಶಾ ಕಾರ್ಯಕರ್ತೆಯರಿಗಾಗಲಿ, ಆರೋಗ್ಯ ಕೇಂದ್ರದಲ್ಲಾಗಲಿ ಸಂಕೋಚವಿಲ್ಲದೆ ಹೇಳಿ. ಗಂಡಸರೇ, ನೀವೂ ಹೇಳಿ. ಯಾರಿಗೆ ಏನಾಯಿತೆಂದು ಬರೆದಿಟ್ಟುಕೊಂಡರೆ ಮಾತ್ರ ಮುಂದಿನ ವರ್ಷ ಲಸಿಕೆಗೆ ಬಂದವರಿಗೆ ನಾವು ಸರಿಯಾಗಿ ತಿಳಿಸಿ ಹೇಳಬಹುದು. ನಮಸ್ಕಾರ.