ತಜ್ಞರು ಹೇಳಲಿ, ಊರು ತೀರ್ಮಾನಿಸಲಿ

ನಮಸ್ಕಾರ. ಕಾಡಿನ ತಜ್ಞ ಅಂತ ನನ್ನನ್ನು ಇಲ್ಲಿ ಕೂರಿಸಿದ್ದಾರೆ. ನಾನು ಹೇಳುವುದು ಒಂದೇ ಮಾತು: ತಜ್ಞರು ತಿಳಿದದ್ದನ್ನು ಹೇಳಬೇಕು, ತೀರ್ಮಾನ ಊರಿನವರು ಮಾಡಬೇಕು. ಇದಕ್ಕೆ ನನಗೆ ತುಂಬ ಇಷ್ಟವಾದ ಒಂದು ಕಥೆ ಇದೆ, ನಡೆದದ್ದೇ.

1975ರ ಸುಮಾರು. ಉತ್ತರ ಕನ್ನಡದಲ್ಲಿ ಬಿದಿರು ಖಾಲಿಯಾಗುತ್ತಿದೆ ಅಂತ ಬುಟ್ಟಿ, ಮೊರ ಹೆಣೆಯುವ ಮೇದಾರರು ಗೋಳಿಡುತ್ತಿದ್ದರು. ದಾಂಡೇಲಿಯ ಕಾಗದ ಕಾರ್ಖಾನೆಗೆ ಶುರುವಿನಲ್ಲಿ ಬಿದಿರು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಗೆ! ಮೇದಾರರು ಪೇಟೆಯಲ್ಲಿ ಕೊಡಬೇಕಾಗಿದ್ದು ಅದರ ಎಷ್ಟೋ ಪಟ್ಟು. ಹಾಗಾದ್ರೆ ಬಿದಿರು ಎಲ್ಲಿ ಹೋಯ್ತು, ನೋಡಿ ಹೇಳಿ ಅಂತ ಸರ್ಕಾರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರನ್ನು ಕೇಳಿತು.

ಬಿದಿರಿನ ಮೆಳೆ ನೋಡಿದ್ದೀರಲ್ಲ, ಬುಡದ ಸುತ್ತ ಮುಳ್ಳಿನ ಗೋಜಲು, ಕೈ ಹಾಕಿದರೆ ರಕ್ತವೇ. ಆ ಮುಳ್ಳು ಸವರಿಬಿಟ್ಟರೆ ಇಕ್ಕಟ್ಟು ಹೋಗಿ ಬಿದಿರು ಚೆನ್ನಾಗಿ ಬೆಳೆಯುತ್ತದೆ ಅನ್ನುವುದು ಅರಣ್ಯ ತಜ್ಞರ ಲೆಕ್ಕ, ಹಾಗೇ ಸವರಿಸುತ್ತಲೂ ಇದ್ದರು. ಊರಿನವರು ಬೇಡ ಅಂದರು. ಮುಳ್ಳು ಹೋದರೆ ಕಳಲೆಗೆ, ಅಂದರೆ ಬಿದಿರಿನ ಮೊಳಕೆಗೆ, ಕಾವಲೇ ಇರುವುದಿಲ್ಲ, ದನ ಮೇದು ಹಾಕುತ್ತದೆ ಅಂದರು. ಮಳೆಗಾಲದಲ್ಲಿ ಎಳೆ ಕಳಲೆ ಸಿಕ್ಕರೆ ಮಲೆನಾಡಿನ ನಾವೇ ಬಿಡುವುದಿಲ್ಲ, ಇನ್ನು ದನ ಬಿಡುತ್ತಾ? ಗಾಡ್ಗೀಳರು ಆ ಮಾತನ್ನು ಸುಮ್ನೆ ನಂಬಲೂ ಇಲ್ಲ, ಹಳ್ಳಿಯವರಿಗೇನು ಗೊತ್ತು ಅಂತ ತಳ್ಳಿಹಾಕಲೂ ಇಲ್ಲ, ವರ್ಷಗಟ್ಟಲೆ ಕಾಡಿನಲ್ಲಿ ಓಡಾಡಿ ಅಳೆದು ಎಣಿಸಿ ನೋಡಿದರು. ಊರಿನವರು ಹೇಳಿದ್ದೇ ಸರಿಯಾಗಿತ್ತು.

ಅಯ್ಯೋ, ಬಿದಿರಿನಲ್ಲೇ ಹೊತ್ತು ಹೋಯಿತು. ಬೇಗ ಹೇಳ್ತೀನಿ. 2010ರಲ್ಲಿ ಪಶ್ಚಿಮ ಘಟ್ಟ ಉಳಿಸುವುದು ಹೇಗೆ ಅಂತ ಹೇಳಲು ಕೇಂದ್ರ ಸರ್ಕಾರ ಮಾಡಿದ ಸಮಿತಿಗೆ ಇದೇ ಗಾಡ್ಗೀಳರು ಅಧ್ಯಕ್ಷರಾದರು. 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟರು. ಘಟ್ಟದ ಯಾವ ಜಾಗ ಎಷ್ಟು ಕಾಪಾಡಬೇಕು ಅಂತ ನಾವು ಹಾಕಿದ ಗೆರೆಯೇ ಕೊನೆಯದಲ್ಲ, ಗ್ರಾಮಸಭೆಗಳಲ್ಲಿ ಚರ್ಚೆಯಾಗಲಿ ಅಂತ ಅದರಲ್ಲೇ ಬರೆದಿದ್ದರು. ಕೇಂದ್ರ ಸರ್ಕಾರ ಅದನ್ನು ಹೊರಗೆ ಬಿಡಲೇ ಇಲ್ಲ, ಮಾಹಿತಿ ಹಕ್ಕು, ಹೈಕೋರ್ಟು ಎಲ್ಲ ದಾಟಿ 2012ರ ಮೇ ತಿಂಗಳಲ್ಲಿ ಬಂತು, ಅದೂ ಇಂಗ್ಲಿಷಿನಲ್ಲಿ. ಅಷ್ಟರೊಳಗೆ ಮನೆ ಕಟ್ಟುವ ಹಾಗಿಲ್ಲವಂತೆ, ತೋಟ ಬಿಡಬೇಕಂತೆ ಅನ್ನುವ ಅಂತೆಕಂತೆ ಊರೂರಿಗೆ ಮುಟ್ಟಿತ್ತು. ಓದಲು ಕೊಡದೆ ಜನಕ್ಕೆ ತಿಳುವಳಿಕೆ ಇಲ್ಲ ಅಂದ್ರೆ ಹೇಗೆ ಸ್ವಾಮಿ? ಆಮೇಲೆ ಇದೇ ಘಟ್ಟದ ಬಗ್ಗೆ ಇನ್ನೊಂದು ಸಮಿತಿಯಿಂದ ಬಂದ ಕಸ್ತೂರಿರಂಗನ್ ವರದಿಯನ್ನು ನಮ್ಮ ರಾಜ್ಯದ ಸಂಪುಟ 2024ರಲ್ಲಿ ಬೇಡ ಅಂದಿತು. ಬೇಡ ಅನ್ನಲಿ, ಅದು ಅವರ ಹಕ್ಕು. ಆದರೆ ಗ್ರಾಮಸಭೆಯಲ್ಲಿ ಓದಿ ಹೇಳಿ ಬೇಡ ಅಂದರೆ ಅದರ ತೂಕವೇ ಬೇರೆ.

ಬಿಟಿ ಬದನೆಯದೂ, ಅಂದರೆ ಹುಳ ತಡೆಯಲಿ ಅಂತ ವಂಶವಾಹಿ ಬದಲಿಸಿದ ಬದನೆಯದೂ, ಇದೇ ಮಾತು. 2009ರಲ್ಲಿ ತಜ್ಞರ ಸಮಿತಿ ಒಪ್ಪಿದರೂ ಆಗಿನ ಕೇಂದ್ರ ಪರಿಸರ ಮಂತ್ರಿ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಏಳು ಊರಿಗೆ ಹೋಗಿ ಜನರ ಮಾತು, ಬೈಗುಳ ಎರಡೂ ಕೇಳಿಸಿಕೊಂಡು 2010ರ ಫೆಬ್ರವರಿಯಲ್ಲಿ ತಡೆದರು. ನಮ್ಮ ವಿಜ್ಞಾನಿಗಳಲ್ಲಿ ಹಲವರಿಗೆ ಸಿಟ್ಟು ಬಂತು. ಬರಲಿ ಬಿಡಿ.

ಸಮಯ ಮುಗಿಯಿತಂತೆ. ಮುಂದಿನ ಗ್ರಾಮಸಭೆಗೆ ಹೋದಾಗ, ನಮ್ಮೂರಿನ ಬಗ್ಗೆ ಬರೆದ ವರದಿಯ ಕನ್ನಡ ಪ್ರತಿ ಎಲ್ಲಿದೆ ಅಂತ ಪಂಚಾಯಿತಿಯ ಪಿಡಿಒ ಅವರನ್ನು ಕೇಳಿ. ನಮಸ್ಕಾರ.