ಹೆಸರು ಬಿಡಿ, ಜಮೀನು ಹಿಡಿಯಿರಿ

ಕೇಳುಗರಿಗೆ ನಮಸ್ಕಾರ. ವಂಶವೃಕ್ಷ ಬರೆಯಲು ಕೂತವರೆಲ್ಲ ಹೆಸರಿನ ಬೆನ್ನು ಹತ್ತುತ್ತಾರೆ, ದಾರಿ ತಪ್ಪುತ್ತಾರೆ. ಹೆಸರು ಬಿಡಿ, ಜಮೀನು ಹಿಡಿಯಿರಿ. ಅಮೆರಿಕಕ್ಕೆ ಹೋದ ಐರಿಷ್ ಮನೆತನಗಳ ವಿಷಯದಲ್ಲಂತೂ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಕ್ಯಾರಲ್ ಮನೆತನವನ್ನೇ ನೋಡಿ. 1688ರಲ್ಲಿ ಐರ್ಲೆಂಡಿನ ಚಾರ್ಲ್ಸ್ ಕ್ಯಾರಲ್ ಅಟಾರ್ನಿ ಜನರಲ್ ಆಗಿ ಅಮೆರಿಕದ ಇಂಗ್ಲಿಷ್ ವಸಾಹತು ಮೇರಿಲ್ಯಾಂಡಿಗೆ ಬಂದ. ಮರುವರ್ಷವೇ ಪ್ರಾಟೆಸ್ಟೆಂಟರು ದಂಗೆಯೆದ್ದು ಅಧಿಕಾರ ಹಿಡಿದರು. ಕ್ಯಾಥೊಲಿಕನಾದ ಇವನ ಹುದ್ದೆ ಹೋಯಿತು. ಜಮೀನು ಮಾಡಿದ. ಮಗನ ಹೆಸರೂ ಚಾರ್ಲ್ಸ್ ಕ್ಯಾರಲ್. ಮೊಮ್ಮಗನೂ ಚಾರ್ಲ್ಸ್ ಕ್ಯಾರಲ್! ಸಾಲದ್ದಕ್ಕೆ ಅದೇ ಅನಾಪೊಲಿಸ್ ಪಟ್ಟಣದಲ್ಲಿ ಚಾರ್ಲ್ಸ್ ಕ್ಯಾರಲ್ ಎಂಬ ಬ್ಯಾರಿಸ್ಟರ್ ಬೇರೆ. ಹೆಸರು ಹಿಡಿದು ಹೋದರೆ ಯಾರ ಮಗ ಯಾರು ಅಂತ ಹೇಳುತ್ತೀರಿ?

ಜಮೀನು ಹೇಳುತ್ತದೆ. ಮೊಮ್ಮಗ ಯೂರೋಪಿನಲ್ಲಿ ಓದು ಮುಗಿಸಿ 1765ರಲ್ಲಿ ಮರಳಿದಾಗ ಅಪ್ಪ ಅವನಿಗೆ ಫ್ರೆಡರಿಕ್ ಕೌಂಟಿಯ ಕ್ಯಾರಲ್ಟನ್ ಎಸ್ಟೇಟು ಬಿಟ್ಟುಕೊಟ್ಟ. ಆಮೇಲೆ ಇವನ ಸಹಿಯೇ 'ಕ್ಯಾರಲ್ಟನ್ನಿನ ಚಾರ್ಲ್ಸ್ ಕ್ಯಾರಲ್' ಎಂದಾಯಿತು. 1776ರ ಸ್ವಾತಂತ್ರ್ಯ ಘೋಷಣೆಯ ಅಡಿಯಲ್ಲಿ 56 ಸಹಿಗಳಿವೆ. ತನ್ನ ಜಮೀನಿನ ಹೆಸರು ಸೇರಿಸಿ ಬರೆದವನು ಇವನೊಬ್ಬನೇ! ಆ 56 ಮಂದಿಯಲ್ಲಿ ಕೊನೆಗೆ ಉಳಿದವನೂ ಇವನೇ. 1832ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡ.

ಮುಂದಿನದು ಕೇಳಿ. ಇವನ ಮಗಳು ಮೇರಿ, ರಿಚರ್ಡ್ ಕೇಟನ್ ಎಂಬ ಇಂಗ್ಲಿಷ್ ವ್ಯಾಪಾರಿಯನ್ನು ಮದುವೆಯಾದಳು. ಕ್ಯಾರಲ್ ಹೆಸರು ಅಲ್ಲಿಗೆ ಕಳಚಿತು. ಮೇರಿಯ ಹಿರಿಮಗಳು ಮೇರಿಯಾನ್ ವಿಧವೆಯಾಗಿದ್ದವಳು, 1825ರಲ್ಲಿ ಡಬ್ಲಿನ್‌ನಲ್ಲಿ ಐರ್ಲೆಂಡಿನ ವೈಸ್‌ರಾಯ್ ಮಾರ್ಕ್ವಿಸ್ ವೆಲ್ಲೆಸ್ಲಿಯ ಕೈಹಿಡಿದಳು. ಹೌದು, 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡು ಕಳಿಸಿದ ಅದೇ ಗವರ್ನರ್ ಜನರಲ್! ಹುದ್ದೆ ಕಳೆದುಕೊಂಡ ಆ ವಲಸಿಗನ ಐದನೇ ತಲೆಮಾರು ಐರ್ಲೆಂಡಿಗೆ ವೈಸ್‌ರಾಯನ ಹೆಂಡತಿಯಾಗಿ ಮರಳಿತ್ತು. ಕ್ಯಾರಲ್ ಹೆಸರನ್ನೇ ಹುಡುಕುತ್ತಿದ್ದರೆ ಇವಳು ನಿಮಗೆ ಸಿಗುತ್ತಲೇ ಇರಲಿಲ್ಲ. ತಂಗಿ ಎಮಿಲಿಯೂ ಸಿಗುತ್ತಿರಲಿಲ್ಲ; ಅಜ್ಜ ಅವಳಿಗೆ ಕೊಟ್ಟ ಫಾಲಿ ಕ್ವಾರ್ಟರ್ ಜಮೀನು ಮಾತ್ರ ಅವಳು ಯಾರ ಮೊಮ್ಮಗಳೆಂದು ಸಾರುತ್ತದೆ.

ಸಮಯ ಮುಗಿಯುತ್ತಿದೆ, ಅಮೆರಿಕದ ಜನಗಣತಿಯ ಬಗ್ಗೆ ಎರಡೇ ಮಾತು. 1790ರಿಂದ 1840ರವರೆಗೆ ಮನೆ ಯಜಮಾನರ ಹೆಸರಷ್ಟೇ ಬರೆದರು. ಹೆಂಡತಿ, ಮಕ್ಕಳು ಬರೀ ಲೆಕ್ಕ. 1850ರಲ್ಲಿ ಸ್ವತಂತ್ರರೆಲ್ಲರ ಹೆಸರು ಬಂತು, ಗುಲಾಮರದ್ದು ಆಗಲೂ ಬರಲಿಲ್ಲ. ಅವರನ್ನು ಹುಡುಕಬೇಕಾದದ್ದೂ ಜಮೀನಿನ ಕಾಗದದಲ್ಲೇ. 1773ರಲ್ಲಿ ಕ್ಯಾರಲ್ ಮನೆತನ ತನ್ನ ಎಸ್ಟೇಟಿನ ಗುಲಾಮರ ಪಟ್ಟಿ ಮಾಡಿಸಿತು. ಕುಟುಂಬ ಕುಟುಂಬವಾಗಿ, ಹೆಸರು, ವಯಸ್ಸಿನ ಸಮೇತ ಅವರು ಅಲ್ಲಿದ್ದಾರೆ.

ನಾಳೆಯೇ ಹುಡುಕಲು ಕೂರುವವರು ಕೌಂಟಿ ಕೋರ್ಟಿನ ಕ್ರಯಪತ್ರದ ಪುಸ್ತಕವನ್ನೇ ಮೊದಲು ತೆಗೆಯಿರಿ. ನಮಸ್ಕಾರ.